ಬೀರುವಿನಲ್ಲಿ ಹತ್ತು ತಿಂಗಳು: ಚರ್ಮದ ಜಾಕೆಟ್ ಕುರಿತ ನಿಮ್ಮ ಪ್ರಶ್ನೆಗಳು

ಸಂಪಾದಕರು ಕೈಗಿತ್ತ ಪತ್ರಗಳ ಕಟ್ಟನ್ನು ಎರಡು ಸಂಜೆ ಕುಳಿತು ಓದಿದೆ. ಅರ್ಧಕ್ಕಿಂತ ಹೆಚ್ಚು ಪತ್ರಗಳಲ್ಲಿ ಇದ್ದದ್ದು ಒಂದೇ ಸಂಕಟ: ಬೂಷ್ಟು. ಅದರಿಂದಲೇ ಶುರು ಮಾಡುತ್ತೇನೆ.

ಅದಕ್ಕೂ ಮೊದಲು, ಈ ಅಂಕಣವನ್ನು ಹೊಸದಾಗಿ ಓದುತ್ತಿರುವವರಿಗೆ ನನ್ನ ಬಗ್ಗೆ ಎರಡು ಮಾತು. ನಮ್ಮ ತಂದೆ ಮೆಜೆಸ್ಟಿಕ್ ಹತ್ತಿರ ಮೆಟ್ಟು ಹೊಲಿದು ನಮ್ಮನ್ನು ಸಾಕಿದವರು. ನಾನು ಈ ಊರಿನ ಒಂದು ರಫ್ತು ಘಟಕದಲ್ಲಿ ಇಪ್ಪತ್ತೆಂಟು ವರ್ಷ ಚರ್ಮದ ಜಾಕೆಟ್‌ಗಳ ಕಟಿಂಗ್ ಮಾಸ್ಟರ್ ಆಗಿದ್ದೆ. ಈಗ ಶ್ರೀರಾಮಪುರದ ಮನೆಯ ಮುಂಕೋಣೆಯಲ್ಲಿ ರಿಪೇರಿ ಮಾಡುತ್ತೇನೆ. ರಾಣಿಪೇಟೆ, ವಾಣಿಯಂಬಾಡಿ ಕಡೆಯಿಂದ ಬರುತ್ತಿದ್ದ ಕುರಿಚರ್ಮವನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಮುಳ್ಳು ಗೀರಿದ ಗುರುತು, ಉಣ್ಣಿ ಕಚ್ಚಿದ ಚುಕ್ಕೆ ಎಲ್ಲಿದೆ ಎಂದು ಹುಡುಕಿ, ಅದನ್ನು ತಪ್ಪಿಸಿ ಕತ್ತರಿಸುವುದು ನನ್ನ ಕೆಲಸವಾಗಿತ್ತು. ಒಂದು ಜಾಕೆಟ್‌ಗೆ ಆರೇಳು ಕುರಿಗಳ ಚರ್ಮ ಬೇಕು. ಆರೇಳು ಜೀವಗಳ ಮೈ ಅದು. ಅಂಥದ್ದನ್ನು ಮೂರು ವರ್ಷಕ್ಕೆ ಕಸಕ್ಕೆ ಎಸೆಯುವುದನ್ನು ಕಂಡರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಮ್ಮ ಊರಿನ ಚಳಿಯ ದಾಖಲೆ 1884ರ ಜನವರಿ 13ರ 7.8 ಡಿಗ್ರಿ. ಅಂಥ ಚಳಿಯನ್ನು ನಮ್ಮ ಕಾಲದವರು ಯಾರೂ ಕಂಡಿಲ್ಲ. ಬೈಕ್ ಸವಾರರನ್ನು ಬಿಟ್ಟರೆ ಬೆಂಗಳೂರಿನವರು ಚರ್ಮದ ಜಾಕೆಟ್ ತೊಡುವುದು ಡಿಸೆಂಬರ್, ಜನವರಿ ಎರಡೇ ತಿಂಗಳು. ಉಳಿದ ಹತ್ತು ತಿಂಗಳು ಅದು ಬೀರುವಿನಲ್ಲಿ ತೂಗುತ್ತಿರುತ್ತದೆ. ನನ್ನ ಮೇಜಿಗೆ ಬರುವ ಜಾಕೆಟ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದು ಆ ಹತ್ತು ತಿಂಗಳಲ್ಲೇ.

ಮಾಸ್ಟರ್ ಅವರಿಗೆ ನಮಸ್ಕಾರ. ದೀಪಾವಳಿಗೆಂದು ಬೀರು ಸ್ವಚ್ಛ ಮಾಡುವಾಗ ನಮ್ಮ ಯಜಮಾನರ ಕಪ್ಪು ಜಾಕೆಟ್ ಹೊರತೆಗೆದೆ. ಕಾಲರಿನಿಂದ ತೋಳಿನವರೆಗೂ ಬಿಳಿ ಬೂಷ್ಟು. ಡ್ರೈಕ್ಲೀನಿಂಗ್ ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟಿದ್ದೆ, ಜೇಬಿಗೆ ನುಸಿಗುಳಿಗೆಯನ್ನೂ ಹಾಕಿದ್ದೆ. ಒರೆಸಿದರೆ ಹೋಗುತ್ತದೆ, ವಾರದಲ್ಲಿ ಮತ್ತೆ ಬರುತ್ತದೆ. ಏನು ಮಾಡಲಿ?
ಗೃಹಿಣಿ, ರಾಜಾಜಿನಗರ

ಅಮ್ಮಾ, ಮೊದಲು ಅದು ಬೂಷ್ಟೇ ಹೌದೇ ಎಂದು ಖಚಿತ ಮಾಡಿಕೊಳ್ಳಿ. ಚರ್ಮದ ಮೇಲೆ ಬಿಳಿಯಾಗಿ ಕಾಣುವುದೆಲ್ಲ ಬೂಷ್ಟಲ್ಲ. ಹದ ಮಾಡುವಾಗ ಚರ್ಮಕ್ಕೆ ಉಣಿಸಿದ ಕೊಬ್ಬು ಕೆಲವೊಮ್ಮೆ ತಂಪಿಗೆ ಮೇಲೆದ್ದು ಬಂದು ತೆಳ್ಳನೆಯ ಪುಡಿಯಂತೆ ಕೂರುವುದುಂಟು. ಕೂದಲು ಒಣಗಿಸುವ ಡ್ರೈಯರನ್ನು ಕಡಿಮೆ ಬಿಸಿಯಲ್ಲಿಟ್ಟು, ಒಂದು ಗೇಣು ದೂರದಿಂದ, ಹತ್ತು ಎಣಿಸುವಷ್ಟು ಹೊತ್ತು ಆ ಜಾಗಕ್ಕೆ ಹಿಡಿಯಿರಿ. ಕೊಬ್ಬಾದರೆ ಕರಗಿ ಮಾಯವಾಗುತ್ತದೆ, ಒಣಬಟ್ಟೆಯಿಂದ ಒರೆಸಿದರೆ ಮುಗಿಯಿತು. ಬೂಷ್ಟಾದರೆ ಹಾಗೆಯೇ ಇರುತ್ತದೆ, ಮೂಗಿಗೆ ಮುಗ್ಗಲು ವಾಸನೆಯೂ ಬಡಿಯುತ್ತದೆ. ವಾರದಲ್ಲಿ ಮರಳಿ ಬರುತ್ತಿದೆ ಎಂದು ಬರೆದಿದ್ದೀರಿ, ಹಾಗಾಗಿ ನಿಮ್ಮದು ಬೂಷ್ಟೇ ಇರಬೇಕು.

ಅದು ಮರಳಿ ಬರುತ್ತಿರುವುದಕ್ಕೆ ಕಾರಣವಿದೆ. ನೀವು ಒರೆಸಿದ್ದು ಮೇಲಿನದನ್ನು ಮಾತ್ರ. ಅದರ ಬೀಜ ಅಸ್ತರಿನೊಳಗೆ, ಹೊಲಿಗೆಯ ಸಂದಿನಲ್ಲಿ, ಬೀರುವಿನ ಹಲಗೆಯ ಮೇಲೆ ಉಳಿದಿದೆ. ಅದಕ್ಕೆ ಬೇಕಾದ ಊಟವೂ ಅಲ್ಲೇ ಇದೆ: ಬೆವರು, ಕೊರಳಿನ ಎಣ್ಣೆ, ಚರ್ಮದ ಕೊಬ್ಬು. ಗಾಳಿಯಲ್ಲಿನ ತೇವ ನೂರಕ್ಕೆ ಅರವತ್ತೈದು, ಎಪ್ಪತ್ತನ್ನು ದಾಟಿ ಹಾಗೆಯೇ ನಿಂತರೆ ಸಾಕು, ಬೂಷ್ಟು ಏಳುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಊರಿನ ಗಾಳಿ ಹೀಗೆಯೇ ಇರುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿದಿರಿ. ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲ. ಡ್ರೈಕ್ಲೀನಿಂಗ್ ಕವರ್ ಅಂಗಡಿಯಿಂದ ಮನೆಗೆ ತರುವುದಕ್ಕಷ್ಟೇ, ಮನೆ ಸೇರಿದ ಕೂಡಲೇ ಅದನ್ನು ತೆಗೆದುಬಿಡಬೇಕು. ನುಸಿಗುಳಿಗೆಯೂ ಬೇಡ. ಅದು ಹುಳುವಿಗೆ ಔಷಧಿಯೇ ಹೊರತು ಬೂಷ್ಟಿಗಲ್ಲ. ಅದರ ವಾಸನೆ ಒಮ್ಮೆ ಚರ್ಮಕ್ಕೆ ಹಿಡಿದರೆ ಬಿಡುವುದು ಬಹಳ ಕಷ್ಟ.

ಈಗ ಮಾಡಬೇಕಾದ್ದು. ಬಿಸಿಲು ನೇರವಾಗಿ ಬೀಳದ ಬಾಲ್ಕನಿಗೆ ಅಥವಾ ಮಹಡಿಗೆ ಜಾಕೆಟ್ ಒಯ್ಯಿರಿ. ಕೋಣೆಯೊಳಗೆ ಕೊಡವಬೇಡಿ, ಬೀಜ ಮನೆಯೆಲ್ಲ ಹರಡುತ್ತದೆ. ಮೂಗಿಗೆ ಬಟ್ಟೆ ಅಥವಾ ಮಾಸ್ಕ್ ಇರಲಿ. ಮೆತ್ತನೆಯ ಒಣ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಗುಡಿಸಿ, ಕಾಲರಿನ ಹಿಂಬದಿಯನ್ನೂ ಜೇಬಿನ ಬಾಯಿಯನ್ನೂ ಮರೆಯಬೇಡಿ. ಬಳಿಕ ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ಅಳತೆಯ ನೀರು ಬೆರೆಸಿ. ಹಳೆಯ ಬನಿಯನ್ ಬಟ್ಟೆಯನ್ನು ಅದರಲ್ಲಿ ಅದ್ದಿ, ಹನಿ ಬೀಳದಷ್ಟು ಹಿಂಡಿ, ಮೊದಲು ಕಂಕುಳಿನ ಒಳಬದಿಯಲ್ಲಿ ಒಂದು ರೂಪಾಯಿ ಅಗಲಕ್ಕೆ ಒರೆಸಿ ನೋಡಿ. ಬಟ್ಟೆಗೆ ಕಪ್ಪು ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ, ಅಂಥ ಜಾಕೆಟ್ ಮನೆಯ ಕೈಗೆ ಒಗ್ಗುವುದಲ್ಲ. ಬಣ್ಣ ಬಾರದಿದ್ದರೆ ಇಡೀ ಜಾಕೆಟ್ ಒರೆಸಿ. ನಂತರ ಒಳಮೈ ಹೊರಗೆ ಮಾಡಿ ಅಸ್ತರನ್ನೂ ಹಾಗೆಯೇ ಒರೆಸಿ. ಎಲ್ಲರೂ ಬಿಟ್ಟುಬಿಡುವ ಹಂತ ಇದು, ಬೂಷ್ಟು ಮರಳುವುದೂ ಇಲ್ಲಿಂದಲೇ. ಫ್ಯಾನ್ ಕೆಳಗೆ ಎರಡು ದಿನ ತೂಗುಹಾಕಿ.

ಆ ಎರಡು ದಿನದಲ್ಲಿ ಬೀರು ಖಾಲಿ ಮಾಡಿ, ಹಲಗೆಗಳನ್ನು ಅದೇ ದ್ರವದಿಂದ ಒರೆಸಿ, ಬಾಗಿಲು ತೆರೆದಿಡಿ. ಹಾಗೆಯೇ ಬೀರುವಿನ ಹಿಂದಿನ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿ. ಆಚೆ ಬದಿ ಸ್ನಾನದ ಮನೆ ಇದ್ದರೆ ಗೋಡೆ ತಣ್ಣಗೆ ಕೈಗೆ ಅಂಟಿದಂತಾಗುತ್ತದೆ. ಹಾಗಿದ್ದರೆ ಬೀರುವನ್ನು ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ, ಇಲ್ಲವೇ ಜಾಕೆಟ್‌ಗೆ ಬೇರೆ ಜಾಗ ಹುಡುಕಿ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಹತ್ತಿರ ಇಡಬಹುದು, ಹರಳಿನ ಬಣ್ಣ ತಿರುಗಿದಾಗ ಬದಲಿಸಬೇಕು. ಹಸಿ ಬೇವಿನ ಎಲೆ ಮಾತ್ರ ಇಡಬೇಡಿ. ಅದರ ತೇವವೇ ಬೂಷ್ಟನ್ನು ಕರೆಯುತ್ತದೆ. ಹಳೆಯ ಕಾಟನ್ ಪಂಚೆಯಿಂದ ಒಂದು ಉದ್ದನೆಯ ಚೀಲ ಹೊಲಿದು ಜಾಕೆಟ್‌ಗೆ ತೊಡಿಸಿ. ದೂಳು ಒಳಗೆ ಬರುವುದಿಲ್ಲ, ಗಾಳಿಯೂ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಬಿಸಿಲು ಬಂದ ಮಧ್ಯಾಹ್ನ, ಅದನ್ನು ಹೊರಗೆ ನೆರಳಿನಲ್ಲಿ ಒಂದು ಗಂಟೆ ತೂಗುಹಾಕಿ. ನಮ್ಮ ಘಟಕದ ಗೋದಾಮಿನಲ್ಲಿ ಮಳೆಗಾಲದುದ್ದಕ್ಕೂ ಒಬ್ಬ ಹುಡುಗನಿಗೆ ಇದೇ ಕೆಲಸವಾಗಿತ್ತು, ಸ್ಟ್ಯಾಂಡುಗಳನ್ನು ಕಿಟಕಿಯ ಬಳಿಗೆ ತಳ್ಳುವುದು, ಮತ್ತೆ ಒಳಗೆ ತರುವುದು.

ಸರ್, ದಿನವೂ ಬೈಕಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತೇನೆ. ಸಿಲ್ಕ್ ಬೋರ್ಡ್ ಬಳಿ ಒಂದು ಗಂಟೆ ಮಳೆಯಲ್ಲಿ ಸಿಕ್ಕಿಹಾಕಿಕೊಂಡು ಜಾಕೆಟ್ ಪೂರ್ತಿ ನೆನೆಯಿತು. ಮರುದಿನಕ್ಕೆ ಬೇಕಿತ್ತು, ಹಾಗಾಗಿ ರೂಮ್ ಹೀಟರ್ ಮುಂದೆ ಕುರ್ಚಿಗೆ ಹಾಕಿ ಒಣಗಿಸಿದೆ. ಈಗ ತೋಳು ಹಪ್ಪಳದಂತಾಗಿದೆ. ಸರಿ ಮಾಡಬಹುದೇ?
ಎಂಜಿನಿಯರ್, ಬಿಟಿಎಂ ಬಡಾವಣೆ

ನೆನೆದದ್ದರಿಂದ ಇಷ್ಟು ಕೇಡಾಗಿಲ್ಲ, ಒಣಗಿಸಿದ ರೀತಿಯಿಂದ ಆಗಿದೆ. ಜಾಕೆಟ್ ಚರ್ಮವೆಲ್ಲ ಸಾಮಾನ್ಯವಾಗಿ ಕ್ರೋಮ್, ಅಂದರೆ ಕ್ರೋಮಿಯಂ ಲವಣ, ಹಾಕಿ ಹದ ಮಾಡಿದ್ದು. ಹದ ಸರಿಯಾಗಿ ಕೂತಿದೆಯೇ ಎಂದು ನೋಡಲು ಒಂದು ಪರೀಕ್ಷೆ ಇದೆ. ಚರ್ಮದ ಒಂದು ಚೂರನ್ನು ಕಾಗದದ ಮೇಲಿಟ್ಟು ಪೆನ್ಸಿಲ್‌ನಿಂದ ಸುತ್ತ ಗೆರೆ ಎಳೆಯುತ್ತಾರೆ, ಚೂರನ್ನು ಕುದಿಯುವ ನೀರಿಗೆ ಹಾಕಿ ಕೆಲವು ನಿಮಿಷ ಬಿಡುತ್ತಾರೆ, ತೆಗೆದು ಮತ್ತೆ ಆ ಗೆರೆಯ ಮೇಲಿಡುತ್ತಾರೆ. ಒಳ್ಳೆಯ ಚರ್ಮ ಗೆರೆಯೊಳಗೆ ಕುಗ್ಗುವುದಿಲ್ಲ. ಕುದಿನೀರನ್ನೇ ತಡೆದುಕೊಂಡ ಚರ್ಮ ನಿಮ್ಮ ಹೀಟರಿಗೆ ಏಕೆ ಸೋತಿತು ಎಂದರೆ, ಚರ್ಮವನ್ನು ಮೆತ್ತಗಿಡುವುದು ಅದರ ನಾರುಗಳ ನಡುವಿನ ಎಣ್ಣೆ. ನೀರು ಹೊಕ್ಕಾಗ ಆ ಎಣ್ಣೆ ಸ್ಥಳ ಬದಲಿಸುತ್ತದೆ. ಬಿಸಿಗೆ ನೀರು ಬಿರುಸಾಗಿ ಆರಿಹೋದರೆ ನಾರುಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತವೆ. ನಿಧಾನವಾಗಿ ಆರಿದರೆ ಅವು ಬಿಡಿಬಿಡಿಯಾಗಿಯೇ ಉಳಿಯುತ್ತವೆ.

ಗಡುಸಾದದ್ದನ್ನು ಸ್ವಲ್ಪ ಮಟ್ಟಿಗೆ ಮರಳಿ ತರಬಹುದು. ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ತೋಳನ್ನು ಇಡಿಯಾಗಿ ಒರೆಸಿ, ಅಲ್ಲಲ್ಲಿ ಚುಕ್ಕೆ ಬೀಳದಂತೆ ಒಂದೇ ಸಮನೆ ತೇವ ಮಾಡಿ. ಅರ್ಧ ಗಂಟೆ ಬಿಟ್ಟು, ಲೆದರ್ ಕಂಡೀಷನರ್ ಕ್ರೀಮನ್ನು ಕಡಲೆಕಾಳಿನಷ್ಟು ಬಟ್ಟೆಗೆ ತೆಗೆದುಕೊಂಡು ಸಣ್ಣ ಸುತ್ತುಗಳಲ್ಲಿ ಹಚ್ಚಿ. ಆಮೇಲೆ ಎರಡು ಕೈಯಲ್ಲಿ ತೋಳನ್ನು ಹಿಡಿದು ಚಪಾತಿ ಹಿಟ್ಟು ನಾದುವಂತೆ ಮೆಲ್ಲಗೆ ಮಡಿಸುತ್ತ ಬಿಚ್ಚುತ್ತ ಹೋಗಿ. ಮೂರು ದಿನ, ದಿನಕ್ಕೆ ಹತ್ತು ನಿಮಿಷ. ಬಿರುಕು ಬಿಟ್ಟಿರುವ ಕಡೆ ಮಾತ್ರ ಮಡಿಸಬೇಡಿ. ತೋಳಿನ ಉದ್ದವೇ ಕಡಿಮೆಯಾಗಿದ್ದರೆ ಅದು ಮರಳುವುದಿಲ್ಲ, ಸುಳ್ಳು ಭರವಸೆ ಕೊಡಲಾರೆ.

ಮುಂದಿನ ಸಲ ನೆನೆದಾಗ, ಜೇಬು ಖಾಲಿ ಮಾಡಿ, ಸ್ನಾನದ ಟವೆಲಿನಿಂದ ಒತ್ತಿ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ, ಹಿಂಡಬೇಡಿ. ಭುಜ ಅಗಲವಿರುವ ಮರದ ಹ್ಯಾಂಗರಿಗೆ ಹಾಕಿ ಜಿಪ್ ಅರ್ಧ ಮುಚ್ಚಿ, ಕಾಲರನ್ನೂ ತೋಳನ್ನೂ ಕೈಯಿಂದಲೇ ನೇರ ಮಾಡಿ. ಒದ್ದೆಯಲ್ಲಿ ಯಾವ ಆಕಾರದಲ್ಲಿ ನಿಲ್ಲಿಸುತ್ತೀರೋ ಒಣಗಿದ ಮೇಲೂ ಅದೇ ಆಕಾರ. ಫ್ಯಾನ್ ಗಾಳಿ ಸಾಕು. ಎರಡು ದಿನ ಹಿಡಿದರೂ ಹಿಡಿಯಲಿ, ಅಷ್ಟರಲ್ಲಿ ಬೇರೆ ಜಾಕೆಟ್ ತೊಟ್ಟು ಹೋಗಿ. ಬೈಕಿನ ಸೀಟಿನಡಿ ಒಂದು ರೇನ್‌ಕೋಟ್ ಸದಾ ಇರಲಿ.

ನಮ್ಮ ಅಜ್ಜಿ ಜಾಕೆಟ್‌ಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ಹೊಳೆಯುತ್ತದೆ ಎನ್ನುತ್ತಾರೆ. ಹಚ್ಚಿಯೂ ಬಿಟ್ಟಿದ್ದಾರೆ, ಒಂದು ಕಡೆ ಮಾತ್ರ. ಹೊಳೆಯುತ್ತಿದೆ ನಿಜ. ಉಳಿದದ್ದಕ್ಕೂ ಹಚ್ಚಲೇ?
ವಿದ್ಯಾರ್ಥಿನಿ, ಬನಶಂಕರಿ

ಹಚ್ಚಬೇಡಮ್ಮ. ಅಜ್ಜಿಯವರ ಮಾತು ಅವರ ಕಾಲದ ಚರ್ಮಕ್ಕೆ ಸರಿಯಾದ ಮಾತು, ಅದನ್ನು ಅವರಿಗೆ ಹೇಳು. ಹಳ್ಳಿಗಳಲ್ಲಿ ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಚೀಲಕ್ಕೆ, ಎತ್ತಿನ ಪಟ್ಟಿಗಳಿಗೆ, ಮೆಟ್ಟುಗಳಿಗೆ ಹರಳೆಣ್ಣೆ ಉಣಿಸುತ್ತಿದ್ದರು. ಅದು ತಂಗಡಿ ಗಿಡದಂಥ ತೊಗಟೆಗಳಲ್ಲಿ ಹದ ಮಾಡಿದ ದಪ್ಪ ಚರ್ಮ, ಎಷ್ಟು ಎಣ್ಣೆ ಕೊಟ್ಟರೂ ಕುಡಿಯುತ್ತಿತ್ತು. ನಮ್ಮ ತಂದೆಯ ಪೆಟ್ಟಿಗೆಯಲ್ಲೂ ಹರಳೆಣ್ಣೆಯ ಸೀಸೆ ಇತ್ತು, ಅದರ ಬಿರಡೆಗೆ ಸುತ್ತಿದ್ದ ಬಟ್ಟೆಯ ವಾಸನೆ ಇನ್ನೂ ನನ್ನ ನೆನಪಿನಲ್ಲಿದೆ. ನಿನ್ನ ಜಾಕೆಟ್‌ನ ಕುರಿಚರ್ಮ ಒಂದು ಮಿಲಿಮೀಟರಿಗಿಂತಲೂ ತೆಳು. ಎಣ್ಣೆ ಹಚ್ಚಿದರೆ ಆಚೆ ಬದಿಯ ಅಸ್ತರಿಗೆ ಇಳಿಯುತ್ತದೆ, ಒಳಗಿನ ಅಂಟು ಸಡಿಲವಾಗುತ್ತದೆ, ಮೇಲೆ ದೂಳು ಕೂರುತ್ತದೆ. ಕೊಬ್ಬರಿ ಎಣ್ಣೆಯ ಇನ್ನೊಂದು ಗುಣ ನಿನಗೇ ಗೊತ್ತು: ಡಿಸೆಂಬರ್ ಬೆಳಿಗ್ಗೆ ಸೀಸೆಯಲ್ಲಿ ಅದು ಬೆಳ್ಳಗೆ ಗಟ್ಟಿಯಾಗಿರುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವ ಎಣ್ಣೆ. ಜಾಕೆಟ್ ತೊಡುವ ಚಳಿಯಲ್ಲೇ ಚರ್ಮದ ಮೇಲೂ ಬೆಳ್ಳಗೆ ಕಾಣುತ್ತದೆ.

ಹಚ್ಚಿರುವ ಕಡೆ ಮುಲ್ತಾನಿ ಮಿಟ್ಟಿ ಅಥವಾ ಮೆಕ್ಕೆಜೋಳದ ಪಿಷ್ಟದ ಪುಡಿ (ಕಾರ್ನ್‌ಫ್ಲೋರ್) ದಪ್ಪಗೆ ಉದುರಿಸಿ ರಾತ್ರಿಯಿಡೀ ಬಿಡು. ಬೆಳಿಗ್ಗೆ ಬ್ರಷ್‌ನಿಂದ ತೆಗೆ. ಪುಡಿ ಎಣ್ಣೆ ಹೀರಿ ಉಂಡೆಯಾಗಿರುತ್ತದೆ. ಹೀಗೆ ಮೂರು ನಾಲ್ಕು ರಾತ್ರಿ. ಬಣ್ಣದ ವ್ಯತ್ಯಾಸ ಪೂರ್ತಿ ಹೋಗದಿದ್ದರೂ ಕಣ್ಣಿಗೆ ಹೊಡೆಯುವುದಿಲ್ಲ. ಬೂಟ್ ಪಾಲಿಶ್ ಹಚ್ಚಬಹುದೇ ಎಂದು ಬೇರೆ ಮೂವರು ಕೇಳಿದ್ದಾರೆ. ಬೇಡ. ಅದರ ಬಣ್ಣ ಅಂಗಿಗೂ ಬಸ್ಸಿನ ಸೀಟಿಗೂ ಹತ್ತುತ್ತದೆ. ಲೆದರ್ ಕಂಡೀಷನರ್ ವರ್ಷಕ್ಕೆ ಎರಡು ಸಲ ಸಾಕು, ಮಳೆ ಕಳೆದ ನವೆಂಬರಿನಲ್ಲಿ ಒಮ್ಮೆ, ಗಾಳಿ ಒಣಗಿ ತುಟಿ ಒಡೆಯುವ ಮಾರ್ಚ್‌ನಲ್ಲಿ ಒಮ್ಮೆ.

ಮೂರು ವರ್ಷದ ಹಿಂದೆ ಅಪ್ಪಟ ಚರ್ಮ ಎಂದು ಹೇಳಿ ಮಾರಿದ ಜಾಕೆಟ್. ಐದು ಸಲವೂ ತೊಟ್ಟಿಲ್ಲ. ಈಗ ಭುಜದಿಂದ ಕಪ್ಪು ಸಿಪ್ಪೆ ಉದುರುತ್ತಿದೆ. ಬಣ್ಣ ಹಾಕಿಸಿದರೆ ಸರಿಯಾಗುತ್ತದೆಯೇ?
ಓದುಗರು, ಯಲಹಂಕ

ಇಲ್ಲ. ಅದು ಚರ್ಮವೇ ಅಲ್ಲ. ಬಟ್ಟೆಯ ಮೇಲೆ ಪಾಲಿಯುರೆಥೇನ್ ಪದರ ಬಳಿದದ್ದು. ಗಾಳಿಯ ತೇವವೇ ಆ ಪದರವನ್ನು ಒಳಗಿನಿಂದ ಮುರಿಯುತ್ತ ಹೋಗುತ್ತದೆ, ತೊಟ್ಟರೂ ತೊಡದಿದ್ದರೂ. ಬಣ್ಣ ಹಾಕಿದರೆ ಬಣ್ಣದ ಸಮೇತ ಉದುರುತ್ತದೆ. ನಿಮ್ಮ ಹಣ ಹೋಯಿತು ಎಂದು ಬರೆಯಲು ನನಗೆ ಬೇಸರವಾಗುತ್ತದೆ. ಇನ್ನೊಂದು ಸಲ ಕೊಳ್ಳುವಾಗ ಹೊಳಪಿಗೆ, ವಾಸನೆಗೆ ಮರುಳಾಗಬೇಡಿ, ವಾಸನೆಯನ್ನೂ ಸಿಂಪಡಿಸಿ ಮಾರುತ್ತಾರೆ. ಜೇಬಿನೊಳಗೆ ಅಥವಾ ಅಸ್ತರಿನ ಕೆಳಗೆ ಚರ್ಮದ ಕತ್ತರಿಸಿದ ಅಂಚು ಎಲ್ಲಿ ಸಿಗುತ್ತದೋ ಹುಡುಕಿ. ನಿಜವಾದ ಚರ್ಮದ ಅಂಚು ಸಣ್ಣ ನಾರು ನಾರಾಗಿರುತ್ತದೆ. ಕ್ರೋಮ್ ಚರ್ಮಕ್ಕೆ ಒಳಗಿನವರೆಗೆ ಬಣ್ಣ ಇಳಿಯದಿದ್ದರೆ ಅಂಚಿನ ನಡುವೆ ತೆಳು ನೀಲಿಬೂದಿ ಗೆರೆಯೂ ಕಾಣುತ್ತದೆ. ನಕಲಿಯ ಅಂಚಿನಲ್ಲಿ ನೇಯ್ದ ಬಟ್ಟೆಯ ಎಳೆ ಕಾಣುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ನಿಜವಾದ ಚರ್ಮದಲ್ಲಿ ಸುತ್ತ ಸಣ್ಣ ಸುಕ್ಕುಗಳು ಹರಡಿ ಮತ್ತೆ ಮಾಯವಾಗುತ್ತವೆ. ನಮ್ಮ ರಾಜ್ಯದ್ದೇ ಚರ್ಮೋದ್ಯಮ ಸಂಸ್ಥೆ ಲಿಡ್ಕರ್ 1976ರಿಂದ ಇದೆ. ಅವರ ಮಳಿಗೆಗೆ ಒಮ್ಮೆ ಹೋಗಿ ಒಂದು ಚರ್ಮದ ಚೀಲವನ್ನಾದರೂ ಕೈಯಲ್ಲಿ ಹಿಡಿದು ನೋಡಿ. ಕೈ ಒಮ್ಮೆ ಕಲಿತರೆ ಮರೆಯುವುದಿಲ್ಲ.

ಕಾಲರ್ ಒಳಬದಿ ಕಪ್ಪಗೆ ಜಿಡ್ಡು ಹಿಡಿದಿದೆ. ವಾಷಿಂಗ್ ಮೆಷಿನ್‌ನಲ್ಲಿ ತಣ್ಣೀರಿಗೆ ಹಾಕಬಹುದೇ? ಒಮ್ಮೆ ಒಂದು ಲಾಂಡ್ರಿಗೆ ಕೊಟ್ಟಾಗ ಬಣ್ಣ ಮಾಸಿ ಬಂದಿತ್ತು, ಅದಕ್ಕೇ ಭಯ.
ಬ್ಯಾಂಕ್ ನೌಕರ, ವಿಜಯನಗರ

ಮೆಷಿನ್‌ಗೆ ಹಾಕಬೇಡಿ, ತಣ್ಣೀರಾದರೂ ಸರಿ. ಬಟ್ಟೆ ಸೋಪು ಕ್ಷಾರ. ಚರ್ಮ ಸ್ವಭಾವತಃ ಸ್ವಲ್ಪ ಹುಳಿ, ಆಮ್ಲದ ಕಡೆಯದು. ಎರಡಕ್ಕೂ ಹೊಂದುವುದಿಲ್ಲ. ಲಾಂಡ್ರಿಯಲ್ಲಿ ಆಗಿರುವುದನ್ನು ಊಹಿಸಬಲ್ಲೆ: ಕೋಟು, ಸೀರೆಗೆ ಬಳಸುವ ದ್ರಾವಕದಲ್ಲೇ ಜಾಕೆಟನ್ನೂ ಮುಳುಗಿಸಿದ್ದಾರೆ. ಅದು ಜಿಡ್ಡಿನ ಜೊತೆಗೆ ಚರ್ಮದೊಳಗಿನ ಕೊಬ್ಬನ್ನೂ ಎಳೆದುಕೊಂಡು ಹೋಗುತ್ತದೆ. ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ‘ಚರ್ಮವನ್ನು ಬೇರೆಯಾಗಿ ಮಾಡುತ್ತೀರಾ, ಆಮೇಲೆ ಎಣ್ಣೆ ಮತ್ತೆ ಕೊಡುತ್ತೀರಾ?’ ಉತ್ತರ ತಡವರಿಸಿದರೆ ಜಾಕೆಟ್ ಹಿಡಿದುಕೊಂಡು ಮನೆಗೆ ಬನ್ನಿ.

ಕಾಲರಿನ ಕಪ್ಪು ಬೆವರಿಗಿಂತ ಹೆಚ್ಚಾಗಿ ತಲೆಯೆಣ್ಣೆ. ನಮ್ಮಲ್ಲಿ ಎಣ್ಣೆ ಹಚ್ಚಿ ತಲೆ ಬಾಚುವವರ ಜಾಕೆಟನ್ನು ಕಾಲರಿನಿಂದಲೇ ಗುರುತಿಸಬಹುದು. ಒಂದು ಬಟ್ಟಲು ಉಗುರುಬೆಚ್ಚಗಿನ ನೀರಿಗೆ ಮಕ್ಕಳ ಶಾಂಪೂ ನಾಲ್ಕೈದು ಹನಿ ಹಾಕಿ ನೊರೆ ಬರಿಸಿ. ನೀರನ್ನು ಮುಟ್ಟದೆ ನೊರೆಯನ್ನಷ್ಟೇ ಬಟ್ಟೆಗೆ ತೆಗೆದುಕೊಂಡು ಕಾಲರನ್ನು ಒರೆಸಿ. ಬಟ್ಟೆಯ ಮಗ್ಗುಲು ಬದಲಿಸುತ್ತ ಹೋಗಿ, ಇಲ್ಲದಿದ್ದರೆ ತೆಗೆದ ಜಿಡ್ಡನ್ನೇ ಮತ್ತೆ ಬಳಿದಂತಾಗುತ್ತದೆ. ಬಳಿಕ ಬರೀ ನೀರಿನ ತೇವದ ಬಟ್ಟೆ, ಬಳಿಕ ಒಣಬಟ್ಟೆ. ಒಣಗಿದ ಮೇಲೆ ಕಂಡೀಷನರ್ ತೆಳುವಾಗಿ. ಕೊರಳಿಗೆ ಒಂದು ಹತ್ತಿಯ ಕರವಸ್ತ್ರ ಸುತ್ತಿಕೊಂಡು ಜಾಕೆಟ್ ತೊಟ್ಟರೆ ಈ ಕೆಲಸ ವರ್ಷಕ್ಕೊಮ್ಮೆ ಬರುವುದು ಎರಡು ವರ್ಷಕ್ಕೊಮ್ಮೆ ಬರುತ್ತದೆ.

ಸ್ವೀಡ್ ಜಾಕೆಟ್ ಮೇಲೆ ಗಾಂಧಿ ಬಜಾರಿನಲ್ಲಿ ಫಿಲ್ಟರ್ ಕಾಫಿ ಚೆಲ್ಲಿತು. ನೀರು ಹಾಕಿ ಉಜ್ಜಿದೆ, ಕಲೆ ಇನ್ನೂ ದೊಡ್ಡದಾಯಿತು.
ಓದುಗಿ, ಬಸವನಗುಡಿ

ಸ್ವೀಡ್ ಎಂದರೆ ಚರ್ಮದ ಒಳಮೈ, ಜುಂಗು ಎಬ್ಬಿಸಿದ್ದು. ಮೇಲ್ಪದರದ ರಕ್ಷಣೆ ಇಲ್ಲದ ಕಾರಣ ಎಲ್ಲವನ್ನೂ ಹೀರುತ್ತದೆ. ಪೂರ್ತಿ ಒಣಗಲು ಬಿಡಿ. ಕಾಫಿಯಲ್ಲಿ ಹಾಲಿನ ಜಿಡ್ಡೂ ಇರುವುದರಿಂದ ಮೆಕ್ಕೆಜೋಳದ ಪಿಷ್ಟದ ಪುಡಿ ಒಂದು ರಾತ್ರಿ ಉದುರಿಸಿಡಿ, ಕೊಡವಿ. ಆಮೇಲೆ ಶಾಲೆಯ ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಮೆತ್ತನೆಯ ಬ್ರಷ್‌ನಿಂದ ಜುಂಗನ್ನು ಒಂದೇ ದಿಕ್ಕಿಗೆ ಎಬ್ಬಿಸಿ. ಬಣ್ಣದ ರಬ್ಬರ್ ಬೇಡ, ಅದರ ಬಣ್ಣವೂ ಹತ್ತುತ್ತದೆ. ಕಂಡೀಷನರ್ ಕ್ರೀಮನ್ನು ಸ್ವೀಡ್‌ಗೆ ಎಂದಿಗೂ ಹಚ್ಚಬೇಡಿ.

ಜಿಪ್ ಕೆಟ್ಟಿದೆ. ನಮ್ಮ ಬೀದಿಯ ದರ್ಜಿ ಬದಲಿಸಿ ಕೊಡುತ್ತೇನೆ ಎನ್ನುತ್ತಾರೆ. ಕೊಡಲೇ?
ಓದುಗರು, ಮತ್ತಿಕೆರೆ

ಮೊದಲು ಜಿಪ್ ನಿಜವಾಗಿ ಕೆಟ್ಟಿದೆಯೇ ನೋಡಿ. ಹಲ್ಲುಗಳೆಲ್ಲ ಸರಿಯಿದ್ದು, ಮುಚ್ಚಿದ ಮೇಲೆ ಹಿಂದಿನಿಂದ ಬಿಚ್ಚಿಕೊಳ್ಳುತ್ತಿದ್ದರೆ ಸವೆದಿರುವುದು ರನ್ನರ್ ಮಾತ್ರ. ಚಿಕ್ಕಪೇಟೆ ಸುತ್ತಲಿನ ದರ್ಜಿ ಸಾಮಾನಿನ ಅಂಗಡಿಗಳಲ್ಲಿ ಹಳೆಯ ರನ್ನರ್ ತೋರಿಸಿದರೆ ಅದೇ ಅಳತೆಯದನ್ನು ಕೊಡುತ್ತಾರೆ. ಅದರ ಬೆನ್ನ ಮೇಲಿನ ಅಂಕಿಯನ್ನು ನೋಡಿ ಹೊಂದಿಸುತ್ತಾರೆ. ಹಲ್ಲು ಮುರಿದಿದ್ದರೆ ಇಡೀ ಜಿಪ್ ಬದಲಿಸಬೇಕು.

ದರ್ಜಿಗೆ ಕೊಡುವ ಮೊದಲು ಒಂದು ವಿಷಯ ನೆನಪಿಡಿ. ಬಟ್ಟೆಯಲ್ಲಿ ಸೂಜಿ ಎಳೆಗಳನ್ನು ಸರಿಸಿ ಹೋಗುತ್ತದೆ, ಹೊಲಿಗೆ ಬಿಚ್ಚಿದರೆ ತೂತು ಮುಚ್ಚಿಕೊಳ್ಳುತ್ತದೆ. ಚರ್ಮದಲ್ಲಿ ಸೂಜಿ ಕತ್ತರಿಸಿ ಹೋಗುತ್ತದೆ. ಆ ತೂತು ಚರ್ಮ ಇರುವವರೆಗೂ ಇರುತ್ತದೆ. ಆದ್ದರಿಂದ ಹೊಸ ಜಿಪ್ಪನ್ನು ಹಳೆಯ ತೂತುಗಳಲ್ಲೇ ಹೊಲಿಯಬೇಕು. ಪಕ್ಕದಲ್ಲಿ ಇನ್ನೊಂದು ಸಾಲು ಹೊಲಿದರೆ, ಅಂಚೆ ಚೀಟಿಯ ಅಂಚಿನಂತೆ ಒಂದು ದಿನ ಅಲ್ಲಿಂದಲೇ ಹರಿದು ಬರುತ್ತದೆ. ಚರ್ಮದ ಸೂಜಿ ಇರಬೇಕು, ಪಾಲಿಯೆಸ್ಟರ್ ದಾರ ಇರಬೇಕು, ಹೊಲಿಗೆ ಮೂರು ಮಿಲಿಮೀಟರಿಗಿಂತ ಸಣ್ಣದಾಗಬಾರದು, ಗುಂಡುಸೂಜಿ ಚುಚ್ಚಬಾರದು, ಬಟ್ಟೆ ಕ್ಲಿಪ್ ಹಾಕಿ ಹಿಡಿಯಬೇಕು. ಇದನ್ನೆಲ್ಲ ಬಲ್ಲ ದರ್ಜಿಯಾದರೆ ಧಾರಾಳವಾಗಿ ಕೊಡಿ. ನಿಮ್ಮ ಬಡಾವಣೆಯಲ್ಲಿ ಮೆಟ್ಟು, ಚೀಲ ಹೊಲಿಯುವ ಹಿರಿಯರು ಯಾರಾದರೂ ಇದ್ದರೆ ಅವರನ್ನೂ ಕೇಳಿ. ನಮ್ಮ ಮನೆಯಲ್ಲಿ ಹರಳಯ್ಯನವರ ಪಟದ ಕೆಳಗೆ ಕುಳಿತು ನಾನು ಮೊದಲ ಹೊಲಿಗೆ ಕಲಿತೆ. ಬಸವಣ್ಣನವರಿಗೆ ತನ್ನ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರು ಎಂದು ನಾವು ಕೇಳುತ್ತ ಬೆಳೆದ ಶರಣರು ಅವರು. ಫುಟ್‌ಪಾತಿನಲ್ಲಿ ಕುಳಿತ ಅನೇಕರ ಕೈಯಲ್ಲಿ ಆ ಶ್ರದ್ಧೆ ಇವತ್ತಿಗೂ ಇದೆ. ಕೂಲಿ ಮೊದಲೇ ಕೇಳಿ ಒಪ್ಪಿಕೊಳ್ಳಿ, ಆಮೇಲೆ ಚೌಕಾಸಿ ಮಾಡಬೇಡಿ.

ಮಾಸ್ಟರ್, ಅಪ್ಪ 1982ರಲ್ಲಿ ಹೊಲಿಸಿದ ಕಂದು ಜಾಕೆಟ್ ನನ್ನ ಬಳಿ ಇದೆ. ಯೆಜ್ಡಿ ಬೈಕಿನಲ್ಲಿ ಕಾರ್ಖಾನೆಗೆ ಹೋಗುವಾಗ ತೊಡುತ್ತಿದ್ದರು. ಅವರು ಹೋದ ಮೇಲೆ ಹತ್ತೊಂಬತ್ತು ವರ್ಷ ಟ್ರಂಕಿನಲ್ಲಿ ಮಡಿಸಿಟ್ಟಿತ್ತು. ಅಸ್ತರು ಹರಿದಿದೆ. ಒಳಜೇಬಿನ ಮೇಲೆ ಅಪ್ಪ ಬಾಲ್ ಪೆನ್ನಿನಲ್ಲಿ ಬರೆದ ಅವರ ಟೋಕನ್ ನಂಬರ್ ಇದೆ. ನನ್ನ ಅಳತೆಗೆ ಚಿಕ್ಕದು ಮಾಡಿಸಿ ತೊಡಬೇಕೆಂದು ಆಸೆ.
ಶಿಕ್ಷಕಿ, ಜಾಲಹಳ್ಳಿ

ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಜಾಕೆಟನ್ನು ಬಿಡಿಸುವ ರೀತಿ. ಹತ್ತೊಂಬತ್ತು ವರ್ಷ ಮಡಿಸಿಟ್ಟ ಚರ್ಮವನ್ನು ಒಮ್ಮೆಲೇ ಕೊಡವಿ ಬಿಚ್ಚಿದರೆ ಮಡಿಕೆಯ ಗೆರೆಯಲ್ಲಿ ಸೀಳುತ್ತದೆ. ಹಾಸಿಗೆಯ ಮೇಲೆ ಬಟ್ಟೆ ಹಾಸಿ, ಒಂದೊಂದೇ ಮಡಿಕೆ ತೆರೆದು, ಎರಡು ಮೂರು ದಿನ ಹಾಗೆಯೇ ಮಲಗಿಸಿಡಿ. ಕೋಣೆಯ ಗಾಳಿಗೆ ಅದು ತಾನಾಗಿ ಸಡಿಲಗೊಳ್ಳಲಿ.

ಬಳಿಕ ಒಳಬದಿಯಲ್ಲಿ, ಕಾಣದ ಜಾಗದಲ್ಲಿ, ಬಿಳಿ ಬಟ್ಟೆಯಿಂದ ಒಮ್ಮೆ ಉಜ್ಜಿ. ಇಟ್ಟಿಗೆ ಬಣ್ಣದ ಪುಡಿ ಬಂದರೆ ಚರ್ಮದ ನಾರೇ ಸತ್ತಿದೆ ಎಂದರ್ಥ. ತೊಗಟೆಯಲ್ಲಿ ಹದ ಮಾಡಿದ ಹಳೆಯ ಚರ್ಮಕ್ಕೆ ಈ ರೋಗ ಬರುತ್ತದೆ. ಹಾಗಾದರೆ ಎಣ್ಣೆ, ಕ್ರೀಮ್ ಯಾವುದೂ ಹಚ್ಚಬೇಡಿ, ತೊಡುವ ಆಸೆ ಬಿಟ್ಟು ಅದನ್ನು ಹತ್ತಿ ಬಟ್ಟೆಯ ಚೀಲದಲ್ಲಿ ತೂಗುಹಾಕಿ ಉಳಿಸಿಕೊಳ್ಳಿ. ಪುಡಿ ಬರದಿದ್ದರೆ ಕೆಳ ಅಂಚನ್ನು ಬೆರಳಿನಲ್ಲಿ ಮೆಲ್ಲಗೆ ಬಾಗಿಸಿ ನೋಡಿ. ಬಿರುಕು ಬೀಳದೆ ಬಾಗಿದರೆ ಜೀವ ಇದೆ. ತೆಳುವಾಗಿ ಕಂಡೀಷನರ್ ಹಚ್ಚಿ, ಒಂದು ವಾರ ಬಿಟ್ಟು ಇನ್ನೊಮ್ಮೆ ಹಚ್ಚಿ. ಒಂದೇ ದಿನದಲ್ಲಿ ಎಲ್ಲವನ್ನೂ ಕುಡಿಸಲು ಹೋಗಬೇಡಿ.

ಚಿಕ್ಕದು ಮಾಡಿಸುವ ಬಗ್ಗೆ. ಬದಿಯ ಹೊಲಿಗೆಯಲ್ಲಿ ಒಂದೆರಡು ಇಂಚು ಒಳಕ್ಕೆ ತೆಗೆಸಬಹುದು, ತೋಳಿನ ಉದ್ದವನ್ನು ಒಳಗೆ ಮಡಿಸಬಹುದು. ಭುಜವನ್ನು ಮುಟ್ಟಿಸಬೇಡಿ. ಭುಜ ಬಿಚ್ಚಿದರೆ ಕಾಲರ್, ತೋಳು, ಬೆನ್ನು ಎಲ್ಲವನ್ನೂ ಬಿಚ್ಚಬೇಕಾಗುತ್ತದೆ, ಹಳೆಯ ತೂತುಗಳಿರುವ ಚರ್ಮ ಅಷ್ಟನ್ನು ತಾಳುವುದಿಲ್ಲ. ನಿಮ್ಮ ಅಪ್ಪನವರ ಭುಜ ಸ್ವಲ್ಪ ಅಗಲವಾಗಿಯೇ ನಿಮ್ಮ ಮೇಲೆ ಕೂರಲಿ. ಮುಂಭಾಗದ ಕೆಳ ಅಂಚನ್ನೂ ನೋಡಿ, ಪೆಟ್ರೋಲ್ ಟ್ಯಾಂಕಿಗೆ ಉಜ್ಜಿ ಉಜ್ಜಿ ಬಣ್ಣ ತಿಳಿಯಾಗಿರಬಹುದು. ಅಂಗಡಿಯವರು ಅದಕ್ಕೆ ಬಣ್ಣ ಬಳಿದು ಹೊಸದು ಮಾಡುತ್ತೇನೆ ಎನ್ನುತ್ತಾರೆ. ಬೇಡ ಎನ್ನಿ.

ಅಸ್ತರನ್ನು ಪೂರ್ತಿ ಬದಲಿಸಬಹುದು, ಹತ್ತಿ ಬೆರೆತ ಬಟ್ಟೆಯಾದರೆ ನಮ್ಮ ಹವೆಗೆ ಒಳ್ಳೆಯದು. ಹಳೆಯ ಅಸ್ತರನ್ನು ಬಿಚ್ಚುವ ಮೊದಲು ಒಳಜೇಬಿನ ಸುತ್ತ ಎರಡು ಬೆರಳು ಬಟ್ಟೆ ಬಿಟ್ಟು ಜೇಬನ್ನು ಇಡಿಯಾಗಿ ಕತ್ತರಿಸಿ ತೆಗೆಯಲು ಹೇಳಿ. ಅದಕ್ಕೆ ನೀರು, ಸ್ಪಿರಿಟ್, ಇಸ್ತ್ರಿ ಯಾವುದೂ ತಾಗಬಾರದು, ಬಾಲ್ ಪೆನ್ನಿನ ಶಾಯಿ ಸ್ಪಿರಿಟ್ಟಿಗೆ ಕರಗುತ್ತದೆ. ಹೊಸ ಅಸ್ತರಿನ ಎಡಗಡೆ, ಮೊದಲು ಇದ್ದ ಎತ್ತರದಲ್ಲೇ, ಅಂಚು ಒಳಗೆ ಮಡಿಸಿ ಆ ಜೇಬನ್ನು ಕೈಹೊಲಿಗೆಯಲ್ಲಿ ಕೂರಿಸಬೇಕು. ಯಾರೂ ಒಪ್ಪದಿದ್ದರೆ ಶ್ರೀರಾಮಪುರಕ್ಕೆ ತನ್ನಿ, ವಿಳಾಸ ಪತ್ರಿಕೆಯ ಕಚೇರಿಯಲ್ಲಿ ಸಿಗುತ್ತದೆ. ಆ ಜೇಬನ್ನು ನಾನೇ ಹೊಲಿದು ಕೊಡುತ್ತೇನೆ.